ಔತಣಕೂಟದಲ್ಲಿ ಅಳಿದ ಸೆರಗುಗಳು

ರಾಮಾಯಿ ವೇದಿಕೆಯ ಮೇಲೆ ಗುಂಡಿ ಒತ್ತಿದರು. ಚಪ್ಪಾಳೆ ಬಿತ್ತು. ಪರದೆಯ ಮೇಲೆ ಸೀರೆಯ ಸೆರಗೊಂದು ಮೂಡಬೇಕಿತ್ತು — ಮೂಡಲಿಲ್ಲ. ಡಿಸೈನುಗಳು ಬಂದು ಸೇರಬೇಕಿದ್ದ ಹೊಸ ಜಾಗ ಖಾಲಿ. ಅವರ ಮಗಳು ಜನನಿ ಓಡಿಹೋಗಿ ಹಳೆಯ ಕಂಪ್ಯೂಟರ್ ನೋಡಿದಳು. ಅದೂ ಖಾಲಿ!

ಕೊಯಮತ್ತೂರಿನ ಆ ಹೋಟೆಲಿನಲ್ಲಿ ಔತಣಕೂಟಗಳ ಉಸ್ತುವಾರಿ ನನ್ನದು, ಹೆಸರು ಲೋಗನಾಥನ್. ಆ ಭಾನುವಾರ ಸಂಜೆಯ ಕೂಟ ದೇವರಾಜನ್ ಅವರ ಕಂಪನಿಯದು. ಹಳೆಯ ಡೇಟಾಬೇಸನ್ನು ಹೊಸದಕ್ಕೆ ಸಾಗಿಸುವ ತಂತ್ರಜ್ಞಾನವನ್ನು ಗಿರಣಿ ಮಾಲೀಕರಿಗೆ ಬಿರಿಯಾನಿಯ ಜೊತೆ ಉಣಬಡಿಸುವುದು ಅವರ ಕಸುಬು. ಈ ಸಲ ಬರೀ ಭಾಷಣ ಸಾಲದೆಂದು, ವೇದಿಕೆಯ ಮೇಲೆ ನಿಜವಾದ ಡಿಸೈನುಗಳನ್ನೇ ಸಾಗಿಸಿ ತೋರಿಸಲು ತಮ್ಮಲ್ಲೇ ಕೆಲಸಕ್ಕಿದ್ದ ಜನನಿಯ ಅಪ್ಪನನ್ನು ಒಪ್ಪಿಸಿದ್ದರು. ಅವರು ಕರುಮತ್ತಂಪಟ್ಟಿಯ ಮಗ್ಗದ ಮಾಲೀಕ ಮುತ್ತುಸಾಮಿ. ಜೀವಮಾನವಿಡೀ ಬಿಡಿಸಿದ ಸೀರೆಯ ಡಿಸೈನುಗಳೆಲ್ಲ ಆ ಹಳೆಯ ಕಂಪ್ಯೂಟರಿನಲ್ಲಿದ್ದವು. ಅವಿಲ್ಲದಿದ್ದರೆ ಮಗ್ಗ ನೇಯುವುದೇನನ್ನು? ಗುಂಡಿ ಒತ್ತಲೆಂದು ಹೆಂಡತಿ ರಾಮಾಯಿಯೂ ಜೊತೆಗೆ ಬಂದಿದ್ದರು. ಮಧ್ಯಾಹ್ನ ಯಮಗಂಡಕಾಲ ಕಳೆಯುವವರೆಗೆ ಕಾರಿನಿಂದ ಇಳಿಯದೆ, ನನ್ನನ್ನು ಬಿಸಿಲಲ್ಲಿ ಬಾಗಿಲು ಹಿಡಿದು ನಿಲ್ಲಿಸಿದ ಪುಣ್ಯಾತ್ಗಿತ್ತಿ.

"ಬೇರೆ ನಕಲು ಇದ್ಯಾ?" ಎಂದರು ಚಂದ್ರಾ. ಪೊಲೀಸ್ ಕೆಲಸದಿಂದ ನಿವೃತ್ತರಾಗಿ ನಮ್ಮ ಹೋಟೆಲಿನ ಭದ್ರತೆ ನೋಡುತ್ತಿದ್ದ ಅನ್ನೂರಿನವರು. ಮನೆಮಾತು ನಮ್ಮ ಹಾಗೆ ಕನ್ನಡವೇ.

"ಇಡ್ಬೇಡ ಅಂದ್ರು ಅಕ್ಕಾ," ಜನನಿ ದೇವರಾಜನ್ ಕಡೆ ನೋಡಿದಳು. "ಸಾಗಿಸಿದ ಕೂಡ್ಲೆ ಹಳೇದು ಪೂರಾ ಅಳಿದೋಗ್ಬೇಕು, ಆಗ ತಾನೆ ಮಾಲೀಕರಿಗೆ ನಂಬಿಕೆ ಬರೋದು ಅಂದ್ರು."

ಬೇರೆಯವರ ಸೊತ್ತಿನ ಮೇಲೆ ಎಂಥಾ ಧೈರ್ಯ! ನನಗೆ ಮೈ ಉರಿಯಿತು.

ದೇವರಾಜನ್ ಬೆರಳು ಪಕ್ಕದೂರಿನ ಮಗ್ಗದ ಮಾಲೀಕ ತಿರುಮೂರ್ತಿಯತ್ತ ತಿರುಗಿತು. "ಮಧ್ಯಾಹ್ನವೇ ಬಂದು, ಊಟದ ಹೊತ್ತಲ್ಲಿ ಇವರು ವೇದಿಕೆ ಹತ್ರ ಸುಳಿದಾಡ್ತಿದ್ರು!"

"ಹೋಗಿದ್ದು ನಿಜ," ಎಂದರು ತಿರುಮೂರ್ತಿ. "ಡಿಸೈನ್ ನೋಡೋ ಆಸೆ. ಅಲ್ಲಿ ರಾಮಾಯಕ್ಕ ಕೂತಿದ್ರು. ವಣಕ್ಕಂ ಹೇಳಿ ವಾಪಸ್ ಬಂದೆ."

ಚಂದ್ರಾ ಜನನಿಯ ಕಡೆ ತಿರುಗಿದರು. "ಊಟಕ್ಕೆ ಹೋಗೋಕ್ ಮುಂಚೆ ಏನ್ ಮಾಡಿಟ್ಟಿದ್ದೆ?"

"ಸಂಜೆಗೆ ಎಲ್ಲಾ ರೆಡಿ ಇತ್ತು ಅಕ್ಕಾ. ಗುಂಡಿ ಒತ್ತೋದೊಂದೇ ಬಾಕಿ."

"ಬಂದ್ಮೇಲೆ?"

"ಹೊಸ ಜಾಗದಲ್ಲಿ ಬೆಳಿಗ್ಗೆ ತಾಲೀಮಿಗೆ ಹಾಕಿದ್ದ ಮಾದರಿ ಇತ್ತು. ಅಳಿಸಿ ಖಾಲಿ ಮಾಡ್ದೆ."

"ಒಳಗೇನಿದೆ ಅಂತ ನೋಡಿದ್ಯಾ?"

"ಇಲ್ಲ ಅಕ್ಕಾ, ಮಾದರೀನೇ ಅಂದ್ಕೊಂಡೆ."

"ಲೋಗನಾಥಾ, ಭಾನುವಾರ ಸಾಯಂಕಾಲ ಈ ಹೊತ್ತು ಏನು?"

"ರಾಗುಕಾಲ," ಎಂದೆ. ಹೇಳುತ್ತಲೇ ರಾಮಾಯಿಯ ಕಡೆ ನೋಡಿದೆ.

"ಯಮಗಂಡದಲ್ಲಿ ಕಾರಿಂದ ಇಳಿಯದೋರು, ರಾಗುಕಾಲದಲ್ಲಿ ಗಂಡನ ಜೀವಮಾನದ ಕೆಲಸ ಸಾಗ್ಸೋ ಗುಂಡಿನ ಒಂದ್ ಮಾತಾಡದೆ ಒತ್ತಿದ್ರು. ನಾವ್ಯಾರೂ ಅದನ್ನ ಗಮನಿಸ್ಲಿಲ್ಲ. ಯಾಕೆ ಒತ್ತಿದ್ರು? ಅವರ ಪಾಲಿಗೆ ಕೆಲಸ ಆಗ್ಲೇ ಶುರುವಾಗಿತ್ತು. ಕೆಟ್ಟ ಹೊತ್ತಲ್ಲಿ ಊರಿಗೆ ಹೊರಡ್ಬೇಕಾದ್ರೆ, ಒಳ್ಳೆ ನೇರ, ಒಳ್ಳೆ ಗಳಿಗೆ ನೋಡಿ ಮೊದಲೇ ಒಂದ್ ಚೀಲ ಪಕ್ಕದ ಮನೇಲಿ ಇಟ್ಟು ಬರ್ತೀವಲ್ಲಾ, ಪಯಣ ಆಗ್ಲೇ ಶುರುವಾದ ಲೆಕ್ಕ — ಹಂಗೆ. ಅಲ್ವಾಮ್ಮಾ?"

ರಾಮಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಊಟದ ಹೊತ್ತಲ್ಲಿ ಒಂದೇ ಒಂದ್ಸಲ ಅಮುಕ್ದೆ ಅಮ್ಮಣ್ಣಿ. ಒಳ್ಳೆ ನೇರ ನೋಡಿ. ಮಗಳ ಕೆಲ್ಸ ಚೆನ್ನಾಗ್ ನಡೀಲಿ ಅಂತ. ಏನೂ ಆಗ್ಲಿಲ್ಲ ಅಂದ್ಕೊಂಡೆ…"

"ಎಲ್ಲಾ ಆಗಿತ್ತು," ಎಂದರು ಚಂದ್ರಾ. ದನಿ ಮೆತ್ತಗಿತ್ತು. "ಡಿಸೈನೆಲ್ಲಾ ಹೊಸ ಜಾಗಕ್ಕೆ ಹೋಯ್ತು, ಹಳೇದು ಅಳಿದೋಯ್ತು. ಮಾದರಿ ಅಂದ್ಕೊಂಡು ಹೊಸ ಜಾಗಾನ ನಿಮ್ಮ ಮಗಳೇ ಅಳಿಸಿದ್ಲು."

"ವಾಪಸ್ ತರೋಕಾಗಲ್ವಾ?" ನಾನು ಕೇಳಿದೆ.

ಜನನಿ ಇಲ್ಲವೆಂದು ತಲೆಯಾಡಿಸಿದಳು. ತಿರುಗಿ ಬರದ ಹಾಗೆ ಅಳಿಸುವುದೇ ಅವಳ ಕಂಪನಿಯ ಹೆಗ್ಗಳಿಕೆಯಾಗಿತ್ತು. ಮನೆಯವರ ಕಾಲ-ಗಳಿಗೆಯ ನಂಬಿಕೆಗೆ ಕಂಪನಿ ಹೊಣೆಯಲ್ಲವೆಂದು ಹೇಳಿ ದೇವರಾಜನ್ ಅತಿಥಿಗಳ ಕಡೆ ನಡೆದರು. ಯಾರ ಮೇಲೆ ದೂರು ಕೊಡುವುದು? ಚಂದ್ರಾ ಕುರ್ಚಿಯಲ್ಲಿ ಕೂತುಬಿಟ್ಟರು. ಗೆದ್ದ ಕಳೆ ಅವರ ಮುಖದಲ್ಲಿರಲಿಲ್ಲ.

ಮುತ್ತುಸಾಮಿ ಫೋನ್ ತೆಗೆದು ಮಗ್ಗದ ಮನೆಯ ಮೇಸ್ತ್ರಿಯನ್ನು ಕರೆದರು. "ಸೆಲ್ಲಪ್ಪಾ, ಮಗ್ಗದಲ್ಲಿ ಈಗಿರೋ ಹಾಸುನೂಲು ಮುಗಿದ್ರೆ ಹೊಸ ಹಾಸು ಏರಿಸ್ಬೇಡ."

"ಯಾಕಣ್ಣಾ? ಏನಾಯ್ತು?" ಎಂದದ್ದು ನಮಗೂ ಕೇಳಿಸಿತು.

ಮುತ್ತುಸಾಮಿ ಹೆಂಡತಿಯ ಮುಖ ನೋಡಿದರು, ಮಗಳ ಮುಖ ನೋಡಿದರು.

"ಕಂಪ್ಯೂಟರ್ ಕೆಟ್ಟೋಯ್ತಪ್ಪಾ," ಎಂದರು. "ಯಾರೂ ಏನೂ ಮಾಡ್ಲಿಲ್ಲ."