ವೇಳೆವಾಳಿಯ ನಾಯಕ ಸಾಯಲೊಪ್ಪದ ದಿನ

ಸಿರಿವೊಳಲಿನ ಮೂಡಣ ಬಾಗಿಲಿನಿಂದ ಅರಮನೆಯವರೆಗಿನ ರಾಜಬೀದಿಯಲ್ಲಿ ಬೆಳಗಿನ ಹೊತ್ತು ಕಾಲಿಡಲು ಜಾಗ ಸಿಗುತ್ತಿರಲಿಲ್ಲ. ಮೆಣಸಿನ ಹೇರು ಹೊತ್ತ ಎತ್ತುಗಳು, ಶ್ರೀಗಂಧದ ತುಂಡನ್ನು ಮೂಸಿ ಮೂಸಿ ಬೆಲೆ ಇಳಿಸುವ ಪರದೇಶದ ಸೆಟ್ಟಿಗಳು, ಅವರೆಲ್ಲರ ನಡುವೆ ಕೂಗಿ ದಾರಿ ಬಿಡಿಸಿಕೊಳ್ಳುವ ಪಲ್ಲಕ್ಕಿಯ ಬೋಯಿಗಳು. ಅರಸ ನನ್ನಿದೇವ ಹನ್ನೆರಡು ದಿನಗಳಿಂದ ಹಾಸಿಗೆ ಹಿಡಿದಿದ್ದರೂ ಪೇಟೆಯ ಗದ್ದಲ ತಗ್ಗಿರಲಿಲ್ಲ. ಅರಸನ ಜ್ವರ ಇಳಿಯಲೆಂದು ಮೆಣಸು ಕೊಳ್ಳುವವರು ಕಾಯುವುದಿಲ್ಲ. ಕುದುರೆ ಮಾರುವವರು ಮಾತ್ರ ತಮ್ಮ ಸರಕನ್ನು ಕೋಟೆಯ ಹೊರಗೇ ಕಟ್ಟಿಸಿದ್ದರು. ಪಟ್ಟ ಬದಲಾಗುವ ಸೂಚನೆಯನ್ನು ಅವರಷ್ಟು ಬೇಗ ಅರಿಯುವವರು ಯಾರೂ ಇಲ್ಲ.

ಆ ಬೀದಿಯಲ್ಲಿ ಕೇತಮಲ್ಲ ನಾಯಕ ನಡೆದುಬಂದರೆ ಜನ ತಾವಾಗಿಯೇ ಸರಿಯುತ್ತಿದ್ದರು. ಅವನ ಎಡಗಾಲಿನ ಚಿನ್ನದ ತೊಡರು ಅವನನ್ನು ವೇಳೆವಾಳಿಯೆಂದು, ಅಂದರೆ ಅರಸನು ಸತ್ತ ದಿನವೇ ತಾನೂ ಕತ್ತಿಗೆ ಕೊರಳೊಡ್ಡುವೆನೆಂದು ಆಣೆಯಿಟ್ಟವನೆಂದು ಸಾರುತ್ತಿತ್ತು. ಅಂಥ ಮೂವತ್ತು ಭಟರಿಗೆ ಅವನು ಇಪ್ಪತ್ತೆರಡು ವರ್ಷಗಳಿಂದ ನಾಯಕ. ಅಷ್ಟು ವರ್ಷಗಳಲ್ಲಿ ಒಂದು ಊಟವನ್ನೂ ನೆಮ್ಮದಿಯಾಗಿ ಮುಗಿಸಿದವನಲ್ಲ, ಬಾಗಿಲಿಗೆ ಬೆನ್ನು ಮಾಡಿ ಕೂತವನಲ್ಲ.

ಆ ದಿನ ಅವನು ಹೊರಟಿದ್ದುದು ಶಿಲ್ಪಿಗಳ ಕೇರಿಗೆ. "ತಮ್ಮ ವೀರಗಲ್ಲನ್ನು ಒಮ್ಮೆ ನೋಡಿ ಬನ್ನಿ" ಎಂದು ಮಹಾಪ್ರಧಾನ ಮಾಚಿರಾಜನೇ ಹೇಳಿ ಕಳಿಸಿದ್ದ. ಸಾಯಲಿರುವವನಿಗೆ ಅವನ ಕೀರ್ತಿಯನ್ನು ಮೊದಲೇ ತೋರಿಸಿಬಿಟ್ಟರೆ ಅವನು ಹಿಂದೆಗೆಯಲಾರನೆಂಬುದು ಪ್ರಧಾನನ ಲೆಕ್ಕಾಚಾರ.

ಶಿಲ್ಪಿ ಕಲಿಯೋಜ ಬೆವರೊರೆಸಿಕೊಂಡು ಎದ್ದ. "ಮೂಗು ತುಸು ಚೂಪಾಯಿತೇನೋ, ನಾಯಕರೇ. ಸ್ವರ್ಗದಲ್ಲಿ ಯಾರೂ ತಕರಾರು ಮಾಡಲಿಕ್ಕಿಲ್ಲ."

"ಹೊಳಪು ಚೆನ್ನಾಗಿದೆ. ಎಷ್ಟು ದಿನದ ಕೆಲಸ?"

"ಕರಿಕಲ್ಲು, ಸ್ವಾಮಿ! ಸೀಳಿ, ಕೆತ್ತಿ, ಉಜ್ಜುವುದಕ್ಕೆ ನಲವತ್ತು ದಿನ. ಪ್ರಧಾನರು ಮುಂಚೆಯೇ ಹೇಳಿದ್ದಕ್ಕೆ ಆಯಿತು. ಇಲ್ಲದಿದ್ದರೆ ಮೂವತ್ತೊಂದು ಕಲ್ಲು ಯಾರ ಕೈಲಾಗುತ್ತಿತ್ತು, ಹೇಳಿ?"

ಕೇತಮಲ್ಲ ಕಲ್ಲಿನ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ. ನಲವತ್ತು ದಿನಗಳ ಹಿಂದೆ ಅರಸನು ಕಾಡಿನಲ್ಲಿ ಹಂದಿಯ ಬೆನ್ನಟ್ಟಿ ಓಡುತ್ತಿದ್ದ. ಜ್ವರ ಬರುವ ಮುನ್ನವೇ ಈ ಜ್ವರದ ಕೊನೆಯನ್ನು ಪ್ರಧಾನನು ಬಲ್ಲವನಾಗಿದ್ದ! ಅರಸನು ತೀರಿಕೊಂಡರೆ ಪಟ್ಟಕ್ಕೆ ಬರುವವಳು ಒಬ್ಬಳೇ ಮಗಳು, ಬಾಚಲದೇವಿ. ಅದೇ ದಿನ ಅವಳ ಬಾಗಿಲು ಕಾಯುವ ನಂಬುಗೆಯ ಮೂವತ್ತೊಂದು ಮಂದಿ ಸಂತೋಷದಿಂದ ಸತ್ತಿರುತ್ತಾರೆ. ಯಾರ ಕೈಗೂ ರಕ್ತ ಹತ್ತದೆ ಕಾವಲು ತೆರವಾಗುತ್ತದೆ.

ಅವನು ಅರಮನೆಗೆ ಓಡಿದಾಗ ಅರಸನ ನಾಲಿಗೆ ಬಿದ್ದುಹೋಗಿತ್ತು. ಔಷಧದ ಬಟ್ಟಲನ್ನು ಕಿತ್ತು ಚೆಲ್ಲಿದ. ವೈದ್ಯನ ಮುಖ ಬಿಳಿಚಿತು. ಆದರೆ ವಿಷ ಆಗಲೇ ತನ್ನ ಕೆಲಸ ಮುಗಿಸಿತ್ತು, ಮತ್ತು ಪ್ರಧಾನನ ವಿರುದ್ಧ ಇದ್ದ ಸಾಕ್ಷಿಯೆಂದರೆ ಕಲ್ಲುಕುಟಿಗನೊಬ್ಬನ ಮಾತು.

ಸಂಜೆ ಮನೆಯಲ್ಲಿ ಹೆಂಡತಿ ಹರಿಯಲೆ ಎಲ್ಲವನ್ನೂ ಕೇಳಿದಳು. ನಾಯಕನ ಮಡದಿಯಾಗಿ ಅವಳ ಕಾಲಿಗೂ ತೊಡರು ಬಿದ್ದಿತ್ತು.

"ನೀವು ಸತ್ತರೆ ಲಾಭ ಮಾಚಿರಾಜರಿಗೆ. ಮತ್ತೇನು ಯೋಚನೆ?"

"ಆಣೆಯಿಟ್ಟಿದ್ದೇನೆ, ಹರಿಯಲೆ."

"ನನ್ನನ್ನೂ ಸೇರಿಸಿ ಇಟ್ಟಿರಿ. ಕೇಳಿದ್ದಿರಾ? ಮದುವೆಯಾಗಿ ಎಂಟನೆಯ ದಿನ. ನಾನು ಒಳಗೆ ಹೋಳಿಗೆ ಬೇಯಿಸುತ್ತಿದ್ದೆ."

"ಹೇಡಿ ಎನ್ನುತ್ತಾರೆ."

"ಎನ್ನಲಿ. ಹೇಡಿಯ ಮನೆಯಲ್ಲಿ ಒಲೆ ಉರಿಯುವುದಿಲ್ಲವೇ?"

ಸಾವಿಗೆ ಅವನು ಇಪ್ಪತ್ತೆರಡು ವರ್ಷ ಅಭ್ಯಾಸ ಮಾಡಿದ್ದ. ಬದುಕಿ ಉಳಿದ ಮೇಲೆ ತಾನು ಯಾರಾಗಿರಬೇಕೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಮರುದಿನ ಮಧ್ಯಾಹ್ನ ಅರಸನು ಕಣ್ಮುಚ್ಚಿದ. ಅರಮನೆಯ ಅಂಗಳದಲ್ಲಿ ಮೂವತ್ತು ಭಟರು ಮಿಂದು ಮಡಿಯುಟ್ಟು ನಿಂತರು. ಮಹಡಿಗಳ ತುಂಬ ಜನ. ಮಾಚಿರಾಜ ಉತ್ತರೀಯದಿಂದ ಕಣ್ಣೊತ್ತಿಕೊಳ್ಳುತ್ತ ಹೇಳಿದ, "ನಾಯಕರೇ, ಸ್ವರ್ಗದ ದಾರಿಯಲ್ಲಿ ಪ್ರಭುಗಳು ಒಬ್ಬರೇ ಇದ್ದಾರೆ."

"ಪ್ರಭುಗಳ ಮಗಳು ಇಲ್ಲಿ ಒಬ್ಬರೇ ಇದ್ದಾರೆ, ಪ್ರಧಾನರೇ. ನಾನು ಸಾಯುವುದಿಲ್ಲ."

ಮಹಡಿಯಿಂದ ಹೆಂಗಸೊಬ್ಬಳ ದನಿ, "ಬಳೆ ಬೇಕೇ, ನಾಯಕ? ನನ್ನವು ಕೊಡಲೇ?" ನಗೆ ಅಲೆಯಲೆಯಾಗಿ ಇಳಿಯಿತು.

"ಹೆದರಿದೆಯಾ, ಕೇತಮಲ್ಲ?" ಪ್ರಧಾನನ ಬಾಯಿಂದ ಬಹುವಚನ ಬಿದ್ದುಹೋಗಿತ್ತು.

"ಹೆದರಿದೆನೆಂದೇ ಬರೆಸಿ." ಅವನು ಬಾಗಿ ತೊಡರನ್ನು ಮುರಿದು ಕೆಳಗಿಟ್ಟು ತನ್ನವರತ್ತ ತಿರುಗಿದ. "ಈ ಸಾವು ನಲವತ್ತು ದಿನಗಳ ಹಿಂದೆಯೇ ನಿಶ್ಚಯವಾದದ್ದು, ಅರಸಿಯ ಬಾಗಿಲು ಬರಿದಾಗಲೆಂದು. ನನ್ನ ಜೊತೆ ಬರುವವರಿಗೆ ಇಂದಿನಿಂದ ಮಾನವಿರುವುದಿಲ್ಲ. ಕೆಲಸವಿರುತ್ತದೆ. ಬನ್ನಿ."

ಹತ್ತೊಂಬತ್ತು ಮಂದಿ ಬಂದರು. ಉಳಿದ ಹನ್ನೊಂದು ಮಂದಿ ಕದಲಲಿಲ್ಲ. ಅವರಲ್ಲಿ ತೀರ ಕಿರಿಯನಾದ ಬೊಪ್ಪನು ನಾಯಕನ ಪಾದದ ಬಳಿ ಉಗಿದು, ತಾನೇ ಮೊದಲಾಗಿ ಕೊರಳೊಡ್ಡಿದ. ಕೇತಮಲ್ಲ ಹಿಂದಿರುಗಿ ನೋಡಲಿಲ್ಲ. ಹಿಂದಿನಿಂದ ಬಂದ ಸದ್ದನ್ನು ಮಾತ್ರ ಒಂದೊಂದಾಗಿ ಎಣಿಸಿದ.

ಬಾಚಲದೇವಿಯ ಬಾಗಿಲಲ್ಲಿ ಮಾಚಿರಾಜನ ಆಳುಗಳು ಆಗಲೇ ನೆರೆದಿದ್ದರು. ಖಾಲಿ ಹಜಾರವನ್ನು ನಿರೀಕ್ಷಿಸಿ ಬಂದವರು ಇಪ್ಪತ್ತು ಕತ್ತಿಗಳೆದುರು ಹೆಚ್ಚು ಹೊತ್ತು ನಿಲ್ಲಲಿಲ್ಲ. ವೈದ್ಯನು ಯಾರೂ ಕೇಳುವ ಮೊದಲೇ ಎಲ್ಲವನ್ನೂ ಒಪ್ಪಿಕೊಂಡ. ಸಂಜೆಯೊಳಗೆ ಪ್ರಧಾನನ ಕೈಗೆ ಸಂಕೋಲೆ ಬಿತ್ತು.

ಏಳನೆಯ ದಿನ ಪಟ್ಟವೇರಿದ ಬಾಚಲದೇವಿ ಅವನನ್ನು ಕರೆಸಿದಳು. "ದಂಡನಾಯಕ ಪದವಿ ನಿಮ್ಮದು. ನಿಮ್ಮ ನಿಷ್ಠೆಯನ್ನು ಶಾಸನದಲ್ಲಿ ಬರೆಸುತ್ತೇನೆ."

"ಬೇಡ, ದೇವಿ. ನನ್ನನ್ನು ಹೊಗಳಿ ಬರೆಸಿದರೆ ಆ ಹನ್ನೊಂದು ಮಂದಿ ದಡ್ಡರಾಗುತ್ತಾರೆ. ಅವರು ಕೊಟ್ಟ ಮಾತಿಗೆ ಸತ್ತವರು. ಇನ್ನು ಪದವಿ ಹಿಡಿದೆನಾದರೆ, ಪದವಿಗಾಗಿಯೇ ಬದುಕಿದನೆಂದು ಪೇಟೆಯೆಲ್ಲ ಆಡಿಕೊಳ್ಳುತ್ತದೆ. ಆ ಕೆಸರು ನಿಮ್ಮ ಪಟ್ಟಕ್ಕೂ ಸಿಡಿಯುತ್ತದೆ."

ಅವಳು ರಾಜ್ಯವಾಳುವ ಬುದ್ಧಿಯಿದ್ದವಳು, ಅವನ ಮಾತು ನಿಜವೆಂದು ಕಂಡು, ಬಲವಂತ ಮಾಡಲಿಲ್ಲ.

ಸಿರಿವೊಳಲಿನಿಂದ ಮೂರು ದಿನದ ಪಯಣದಾಚೆ, ವ್ಯಾಪಾರಿಗಳ ಸಾರ್ಥಗಳು ಹಾದುಹೋಗುವ ಬೆಂಗಾಡಿನಲ್ಲಿ, ಒಂಟಿ ಹುಣಸೆಮರದಡಿ ಗಂಡಹೆಂಡಿರಿಬ್ಬರೂ ನೀರಿನ ಅರವಟ್ಟಿಗೆಯಿಟ್ಟರು. ಬಾವಿ ತೋಡಲು ಎರಡು ತಿಂಗಳಾಯಿತು. ದಾರಿಗೆ ಬೆನ್ನು ಹಾಕಿ ಕೂತು ಉಣ್ಣಲು ಕಲಿಯುವುದಕ್ಕೆ ಅವನಿಗೆ ಒಂದು ವರ್ಷ ಹಿಡಿಯಿತು. ಕತ್ತಿಯೇಟಿನ ಆ ಹನ್ನೊಂದು ಸದ್ದು ಮಾತ್ರ ಕೊಡದ ತಳದಿಂದಲೂ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಎತ್ತಿನ ಸಾಲಿನೊಡನೆ ಮುದುಕಿಯೊಬ್ಬಳು ಬಂದು ನೆರಳಿನಲ್ಲಿ ಕುಸಿದಳು.

"ಎಲ್ಲಿಂದ, ಅವ್ವಾ?" ಹರಿಯಲೆ ಕೇಳಿದಳು.

"ಸಿರಿವೊಳಲಿಂದ, ತಾಯಿ. ಮಗ ಸತ್ತ ಜಾಗ ನೋಡಿಬಂದೆ. ಬೊಪ್ಪ ಅಂತ. ಅರಸರ ಜೊತೆ ಹೋದ." ಅವಳು ಕೇತಮಲ್ಲನತ್ತ ತಿರುಗಿದಳು. "ಅವರಿಗೊಬ್ಬ ನಾಯಕನಿದ್ದನಂತೆ, ಕೇತಮಲ್ಲ. ಹುಡುಗರನ್ನು ಸಾವಿನ ಬಾಯಿಗೆ ಬಿಟ್ಟು ತಾನು ಉಳಿದುಕೊಂಡನಂತೆ. ದಾರಿಯಲ್ಲಿರುವವನು ನೀನು, ನಾಲ್ಕು ಜನರ ಮಾತು ಕೇಳುತ್ತೀಯ. ಎಲ್ಲಿದ್ದಾನಪ್ಪಾ ಅವನು?"

ಹರಿಯಲೆ ಬಾಯಿ ತೆರೆದಳು. ಅವನು ತಲೆಯಾಡಿಸಿ ತಡೆದ.

"ಸತ್ತ, ತಾಯಿ. ಅದೇ ದಿನ, ನಿಮ್ಮ ಮಗನ ಪಕ್ಕದಲ್ಲೇ ಸತ್ತ."

ಮುದುಕಿ ಅವನ ಮುಖವನ್ನೇ ನೋಡಿದಳು. "ಹಾಗಾದರೆ ಜನ ಸುಳ್ಳು ಹೇಳುತ್ತಾರೆ ಅನ್ನು."

"ಹೇಳುತ್ತಾರೆ."

"ಹೋಗಲಿ ಬಿಡು. ನನ್ನ ಹುಡುಗ ಒಂಟಿಯಾಗಿರಲಿಲ್ಲವಲ್ಲ, ಅಷ್ಟು ಸಾಕು." ಅವಳು ಸೆರಗಿನಿಂದ ಮುಖವೊರೆಸಿಕೊಂಡು, ಎರಡೂ ಕೈ ಸೇರಿಸಿ ಬೊಗಸೆಯೊಡ್ಡಿದಳು. "ಹುಯ್ಯಪ್ಪಾ."

ಅವನು ಬಾಗಿ, ಅವಳು ಸಾಕೆನ್ನುವವರೆಗೂ ಹುಯ್ದ.