ಹೂವಿನಲ್ಲಿ ಇಲ್ಲದ ಕಹಿ

"ಮೂಸಬೇಡಿ, ಅದು ಅಮೋನಿಯಾ..."

ಚೀಟಿಯಿಲ್ಲದ ಬಾಟಲಿಯನ್ನು ಮೂಗಿನ ಹತ್ತಿರ ತಂದಿದ್ದ ಅವಳ ಕೈಯನ್ನು ಅವನು ಥಟ್ಟನೆ ಹಿಡಿದಿದ್ದ. ಪ್ರಯೋಗಾಲಯದಲ್ಲಿ ಅವಳ ಮೊದಲ ದಿನ ಅದು. ಕೈ ಬಿಟ್ಟ ಮೇಲೂ ಆ ಬಿಸುಪು ಮಣಿಕಟ್ಟಿನಲ್ಲೇ ಉಳಿದುಬಿಟ್ಟಿತು!

ಹೂವುಗಳನ್ನು ಒಣಗಿಸಿ, ಪುಡಿಮಾಡಿ, ಅವುಗಳೊಳಗಿನ ಕಹಿ ಸತ್ವವಾದ ಆಲ್ಕಲಾಯ್ಡ್ ಬೇರ್ಪಡಿಸುವುದು ಅವಳ ಕೆಲಸ. ಅದು ಯಾವುದೆಂದು ಯಂತ್ರದಲ್ಲಿಟ್ಟು ಗುರುತಿಸುವುದು ಅವನದು. ಆಲ್ಕಲಾಯ್ಡ್ ಇದ್ದರೆ ಗಾಜಿನ ಹಲಗೆಯ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಮೂಡುತ್ತಿತ್ತು; ಅದನ್ನು ಇಬ್ಬರೂ ತಲೆಗೆ ತಲೆ ತಾಗಿಸಿ ಕಾಯುತ್ತಿದ್ದರು. ಮಾತೆಲ್ಲ ಕಣ್ಣಲ್ಲೇ. ಬಾಯಿಬಿಟ್ಟು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಒಂದು ನೀಲಿ ಹೂವಿನಲ್ಲಿ ಅವಳಿಗೆ ಈವರೆಗೆ ಯಾರೂ ಕಂಡಿರದ ಆಲ್ಕಲಾಯ್ಡ್ ಸಿಕ್ಕಿತು. ಎಲ್ಲರೂ ಹಾಡಿ ಹೊಗಳಿದರು. ಅವನೊಬ್ಬ ಮಾತ್ರ, ಅಷ್ಟು ಜನರ ಎದುರಿಗೇ, "ಇದು ಹೂವಿನದ್ದಲ್ಲ ಅನ್ಸುತ್ತೆ. ಬೇರ್ಪಡಿಸೋವಾಗ ಹಾಕ್ತೀವಲ್ಲ, ಆ ಅಮೋನಿಯಾ ಸೇರ್ಕೊಂಡು ಹುಟ್ಟಿದ್ದು," ಎಂದ.

ಅವಳ ಮೈಯೆಲ್ಲ ಉರಿದುಹೋಯಿತು. ಹೊಟ್ಟೆಕಿಚ್ಚು ಎಂದು ಮುಖಕ್ಕೆ ಹೊಡೆದಂತೆ ಅಂದುಬಿಟ್ಟಳು. ಅವನು ಕೆಲವೇ ದಿನಗಳಲ್ಲಿ ಬೇರೆ ಊರಿನ ಪ್ರಯೋಗಾಲಯಕ್ಕೆ ಹೊರಟುಹೋದ.

ಬಾಗಿಲ ಹಿಂದಿನ ಮೊಳೆಯಲ್ಲಿ ಅವನ ಬಿಳಿ ಕೋಟು ಉಳಿದಿತ್ತು. ತೆಗೆಯಲು ಬಂದವರನ್ನೆಲ್ಲ ಅವಳು ಗದರಿಸಿ ಕಳಿಸಿದಳು. ಚುಕ್ಕೆ ಮೂಡಿದಾಗಲೆಲ್ಲ ಪಕ್ಕಕ್ಕೆ ತಿರುಗುತ್ತಿದ್ದಳು... ಅಲ್ಲಿ ಯಾರೂ ಇರುತ್ತಿರಲಿಲ್ಲ.

"ಹೂವಿನೊಳಗೆ ಏನಿದೆ ಅಂತ ಹುಡುಕ್ತೀಯಲ್ಲ, ನಿನ್ನೊಳಗೆ ಏನಿದೆ ಅಂತ ಯಾವಾಗ ನೋಡ್ತೀಯೆ?" ಎಂದು ಅಕ್ಕ ಒಂದು ಸಂಜೆ ಕಾಲೆಳೆದಳು.

ಮರುದಿನ ಅವಳು ಅದೇ ನೀಲಿ ಹೂವಿನ ಪುಡಿ ತೆಗೆದಳು. ಈ ಸಲ ಅಮೋನಿಯಾ ಮುಟ್ಟದೆ, ಬದಲಿಗೆ ವಾಷಿಂಗ್ ಸೋಡಾ ಹಾಕಿದಳು. ಹಲಗೆ ಹಿಡಿದು ಕಾದೇ ಕಾದಳು. ಚುಕ್ಕೆ ಮೂಡಲೇ ಇಲ್ಲ.

ಹೆಸರು ತಂದ ಕೆಲಸ ನೀರುಪಾಲಾಗಿತ್ತು. ಆದರೆ ಅವಳು ಅತ್ತದ್ದು ಅದಕ್ಕಲ್ಲ. ನನ್ನ ಹೆಸರು ಕೆಡಬಾರದು ಅಂತ ತಾನೇ ಅವನು ಹೇಳಿದ್ದು... ನಾನು ಎಂಥ ಮಾತಾಡಿದೆ!

ಅವನಿಗೆ ಫೋನ್ ಮಾಡಿ, ನೀವು ಹೇಳಿದ್ದೇ ಸರಿ, ಒಮ್ಮೆ ಬನ್ನಿ ಎಂದಳು.

ಅವನು ಬಂದ. ಮೊಳೆಯಲ್ಲಿದ್ದ ತನ್ನ ಕೋಟನ್ನು ನೋಡಿದ. ಅದನ್ನು ಯಾರೋ ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದರು.

ಅವಳು ಖಾಲಿ ಹಲಗೆಯನ್ನು ಮುಂದೆ ಹಿಡಿದಳು. "ತಪ್ಪು ನನ್ನದೇ ಅಂತ ಎಲ್ಲರ ಮುಂದೆ ಹೇಳ್ತೀನಿ."

"ನಾನೂ ಅವತ್ತು ನಿಮ್ಮೊಬ್ಬರಿಗೇ ಹೇಳ್ಬೇಕಿತ್ತು."

"ಹಾಗಾದ್ರೆ ಈ ಮಾತು ನಿಮ್ಮೊಬ್ಬರಿಗೇ... ನೀವಿಲ್ದೆ ನಂಗಾಗಲ್ಲ."

ಅವನು ಅಂದಿನ ಅದೇ ಮಣಿಕಟ್ಟನ್ನು ಹಿಡಿದ. ಈ ಸಲ ಬಿಡಲಿಲ್ಲ.

ಅವಳು ಕಣ್ಣೊರೆಸಿಕೊಂಡು, "ಈ ಪ್ರೀತಿ ಹೊರಗಿಂದ ಸೇರಿದ್ದಲ್ಲ ತಾನೆ?" ಎಂದಳು.

"ಅಲ್ಲ," ಎಂದ ಅವನು. "ಮೊದಲಿಂದ್ಲೂ ಒಳಗೇ ಇತ್ತು."