ಒಂದು ಕೊಡ ತೀರ್ಥ

ಮೊದಲ ಭೇಟಿಯಲ್ಲೇ ಗೌರಿ ಅವನ ಮುಖಕ್ಕೆ ಒಂದು ಬಾಟಲಿ ನೀರು ಸುರಿದಿದ್ದಳು.

ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಆ ವರ್ಷ ಶಿವರಾತ್ರಿ ಕಳೆಯುತ್ತಲೇ ಬಿಸಿಲು ಊರಿನ ಮೇಲೆ ಹಗೆ ಸಾಧಿಸತೊಡಗಿತ್ತು. ಮಧ್ಯಾಹ್ನ ಹೊರಗೆ ಹೋಗಬೇಡಿ ಎಂದು ರೇಡಿಯೋದಲ್ಲೂ ಹೇಳುತ್ತಿದ್ದರು. ಬೆಳಗೊಳದಿಂದ ದೇವಲಾಪುರದ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ನರ್ಸು ಗೌರಿ ಸುತ್ತಲಿನ ಹಳ್ಳಿಗಳನ್ನು ತಿರುಗಿ ಅದನ್ನೇ ಹೇಳುತ್ತಿದ್ದಳು. ಅಂಥ ಹೊತ್ತಲ್ಲಿ ಹುಣಸೆಮರದ ಕೆಳಗೆ ಒಬ್ಬ ಅಂಗಾತ ಬಿದ್ದಿದ್ದರೆ ಇನ್ನೇನು ಅಂದುಕೊಳ್ಳಬೇಕು?

ಅವನು ಎದ್ದು ಕುಳಿತು ಮುಖ ಒರೆಸಿಕೊಂಡ. "ಏನ್ ಸಿಸ್ಟ್ರೇ ಇದು?"

"ಬಿಸ್ಲು ಹೊಡ್ದದೆ ಅನ್ಕಂಡೆ."

"ನಿದ್ದೆ ಮಾಡ್ತಿದ್ದೆ ಕಣ್ರೀ. ನಮ್ಮೂರಾಗೆ ಮದ್ವೆಗಂಡಿಗೆ ಮಾತ್ರ ಇಂಗೆ ನೀರುಯ್ಯೋದು. ಒಂದ್ ಮಾತು ಕೇಳಿ ಉಯ್ಯಬಾರದಾಗಿತ್ತಾ?"

ಗೌರಿಯ ಕಿವಿ ಬಿಸಿಯಾಯಿತು. ಎಲ್ಲ ಬಿಸಿಲಿನ ಕಾಟ ಎಂದು ತನಗೆ ತಾನೇ ಹೇಳಿಕೊಂಡಳು.

ಅವನ ಹೆಸರು ಪುಟ್ಟರಾಜು, ಊರ ಯಜಮಾನ ಹೊನ್ನಪ್ಪನವರ ಮಗ. ಅಂದಿನಿಂದ ಅವಳು ಯಾವ ಹಳ್ಳಿಗೆ ಹೊರಟರೂ ಅವನ ಸೈಕಲ್ಲಿಗೆ ಅದೇ ದಾರಿಯಲ್ಲಿ ಏನೋ ಕೆಲಸ ಬೀಳುತ್ತಿತ್ತು. ಹ್ಯಾಂಡಲಿಗೆ ಒಂದು ತೂಗುಪಾತ್ರೆ ಮಜ್ಜಿಗೆ ನೇತಾಡುತ್ತಿತ್ತು. "ಊರಿಗೆಲ್ಲ ನೀರು ಕುಡೀರಿ ಅಂತೀರಾ, ನೀವ್ ಕುಡಿದ್ರಾ?" ಎಂದು ಕೇಳಿ, ಅವಳು ಕುಡಿದು ಮುಗಿಸುವವರೆಗೂ ಆಕಾಶ ನೋಡುವವನಂತೆ ಅವಳನ್ನೇ ನೋಡುತ್ತ ನಿಲ್ಲುತ್ತಿದ್ದ. ಅವಳಿಗೂ ಅದು ಗೊತ್ತಿತ್ತು. ಬೇಕೆಂದೇ ನಿಧಾನವಾಗಿ ಕುಡಿಯುತ್ತಿದ್ದಳು.

ಯುಗಾದಿ ಹತ್ತಿರವಾಯಿತು. ಈ ಸಲದ ಹೊನ್ನಾರು ಪುಟ್ಟರಾಜುವಿನ ಹೆಸರಿಗೆ ಬಂತು.

ಹೊಸ ವರ್ಷದ ಮೊದಲ ಉಳುಮೆಯೇ ಹೊನ್ನಾರು. ಪಂಚಾಂಗ ಯಾರ ಹೆಸರು ಹೇಳುತ್ತದೋ ಅವನು ಮುಂದೆ, ಊರಿನ ಉಳಿದ ಆರುಗಳೆಲ್ಲ, ಅಂದರೆ ನೇಗಿಲು ಹೂಡಿದ ಎತ್ತಿನ ಜೋಡಿಗಳೆಲ್ಲ, ಅವನ ಹಿಂದೆ. ಮಾರಮ್ಮನ ಗುಡಿಯಿಂದ ಹೊರಟು, ಊರ ಸುತ್ತಿನ ಹೊಲಗಳಲ್ಲಿ ಗೆರೆ ಎಳೆದು, ಮನೆ ಬಾಗಿಲಿಗೆ ಬರುವವರೆಗೆ ಅವನು ನಿಲ್ಲುವಂತಿಲ್ಲ, ಬಾಯಿಗೆ ಒಂದು ಹನಿ ನೀರೂ ಹಾಕುವಂತಿಲ್ಲ. ಹಾಗೆ ಮುಗಿಸಿ ಬಂದವನು ಏನೇ ಒಂದು ಕೇಳಿದರೂ ಮನೆಯ ಹಿರಿಯರು ಇಲ್ಲವೆನ್ನುವುದಿಲ್ಲ. ಈ ವರ್ಷದ ಗಳಿಗೆ ಮಾತ್ರ ಸುಡುವ ಹೊತ್ತಿಗೇ ಬಂದಿತ್ತು, ಹನ್ನೊಂದರ ಮೇಲೆ.

ಗೌರಿ ನೇರವಾಗಿ ಹೊನ್ನಪ್ಪನವರ ಜಗಲಿಗೇ ಹೋದಳು. "ಯಜಮಾನ್ರೇ, ಹೊತ್ತಾರೆನೇ ಮುಗಿಸ್ಬುಡಿ. ಈ ಬಿಸ್ಲಲ್ಲಿ ನೀರಿಲ್ದೆ ನಡುದ್ರೆ ಜೀವಕ್ಕೇ ಅಪಾಯ."

"ನಿನ್ನ ಮಾತು ಸರಿ ಕಣವ್ವ," ಎಂದರು ಅವರು, ಬೇಸರವಿಲ್ಲದೆ. "ಆದ್ರೆ ನಮ್ಮಪ್ಪನ ಕಾಲ್ದಿಂದ ಗಳಿಗೆ ಮೀರಿಲ್ಲ."

ಹೊರಗೆ ಪುಟ್ಟರಾಜು ಎತ್ತುಗಳ ಕೊಂಬಿಗೆ ಬಣ್ಣ ಬಳಿಯುತ್ತಿದ್ದ. ಅವಳು ಸಿಟ್ಟಿನಿಂದಲೇ ಕೇಳಿದಳು. "ಏನ್ ಕೇಳಾಕೆ ಇಷ್ಟು ಹಟ? ಬೈಕಾ?"

"ಬೈಕಲ್ಲ." ಅವನು ಕುಂಚ ಕೆಳಗಿಟ್ಟ. "ಬೆಳಗೊಳದ ಒಂದ್ ಹುಡುಗಿ."

ಗೌರಿಯ ಎದೆಯಲ್ಲಿ ಸಂತೋಷ ಉಕ್ಕಿತು, ಅದರ ಹಿಂದೆಯೇ ಕೋಪವೂ ಬಂತು.

"ಆ ಹುಡುಗೀನ ನಿಮ್ಮಪ್ಪನ್ನ ಕೇಳಿ ತಗೊಳ್ಳಾಕೆ ಅವ್ಳೇನು ಹಸುನಾ? ಕೇಳ್ಬೇಕಾದ್ದು ಅವಳ್ನ," ಎಂದು ಹೇಳಿ ತಿರುಗಿಯೂ ನೋಡದೆ ನಡೆದಳು.

ಅವಳು ಹೋದದ್ದು ಹಿತ್ತಲಿಗೆ, ಅವನ ಅಜ್ಜಿ ದ್ಯಾವಮ್ಮನ ಹತ್ತಿರ.

"ಅಜ್ಜಿ, ತೀರ್ಥ ತಗಂಡ್ರೆ ಉಪಾಸ ಕೆಡ್ತದಾ?"

"ತೀರ್ಥದಿಂದ ಯಾರ ಉಪಾಸ ಕೆಟ್ಟದವ್ವ?"

"ಎಷ್ಟು ತಗಬೋದು?"

ದ್ಯಾವಮ್ಮ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ಅವಳನ್ನು ದಿಟ್ಟಿಸಿದಳು. ಬೊಚ್ಚುಬಾಯಲ್ಲಿ ನಗು ಅರಳಿತು. "ದೊಡ್ಡ ಕೊಡ ಅಟ್ಟದ ಮ್ಯಾಲದೆ, ಇಳುಸ್ಕೋ."

ಹೊನ್ನಾರಿನ ದಿನ ನೆಲ ಕೆಂಡವಾಗಿತ್ತು. ಹೊಸ ಪಂಚೆ ಉಟ್ಟು, ಹೆಗಲಿಗೆ ಕಂಬಳಿ ಹಾಕಿಕೊಂಡು ಪುಟ್ಟರಾಜು ನೇಗಿಲು ಹಿಡಿದ. ಜನ ಸಾಲಾಗಿ ಹಿಂಬಾಲಿಸಿದರು. ಗೌರಿ ಅಂಚಿನಲ್ಲಿ ನಡೆಯುತ್ತ ಅವನನ್ನೇ ನೋಡುತ್ತಿದ್ದಳು. ಒಣಗಿದ ಕೆರೆಯ ಪಕ್ಕಕ್ಕೆ ಬರುವ ಹೊತ್ತಿಗೆ ಅವನ ಹೆಜ್ಜೆ ತಡವರಿಸಿತು. ಎಲ್ಲರ ಬೆನ್ನೂ ಬೆವರಿಗೆ ಒದ್ದೆ, ಅವನದು ಮಾತ್ರ ಬೆವರು ನಿಂತು ಒಣಗುತ್ತಿತ್ತು. ಅವಳು ಓಡಿಹೋಗಿ ಅವನ ತೋಳು ಮುಟ್ಟಿದಳು. ಹೆಂಚಿನಂತೆ ಸುಡುತ್ತಿತ್ತು.

"ನಿಲ್ಲಿಸ್ಬ್ಯಾಡಿ," ಎಂದ ಅವನು, ತುಟಿ ಅಂಟಿಕೊಂಡು.

"ನಿಲ್ಲಿಸ್ತಿಲ್ಲ. ಬೊಗಸೆ ಹಿಡೀರಿ. ಅಣ್ಣ, ನೇಗ್ಲು ಸ್ವಲ್ಪ ಹಿಡ್ಕಳಿ," ಎಂದಳು ಪಕ್ಕದವನಿಗೆ.

ಮಾರಮ್ಮನ ಪೂಜಾರಿ ನರಸಯ್ಯ ಹೂವು, ಕುಂಕುಮವಿಟ್ಟ ಕೊಡ ಹೊತ್ತು ಮುಂದೆ ಬಂದ. ಹೊನ್ನಪ್ಪನವರ ಹುಬ್ಬು ಮೇಲೇರಿತು. "ಏನ್ಲಾ ಅದು?"

"ತೀರ್ಥ ಕಣಪ್ಪ. ಅಮ್ಮನ ಮುಂದೆ ಇಟ್ಟು ಪೂಜೆ ಮಾಡಿವ್ನಿ."

"ಒಂದ್ ಕೊಡನಾ?"

ಹಿಂದಿನಿಂದ ದ್ಯಾವಮ್ಮನ ದನಿ ಬಂತು. "ತಾಯಿ ಕೊಟ್ಟದ್ದು ಜಾಸ್ತಿ ಆಯ್ತು ಅನ್ನಂಗಿದ್ರೆ ನೀನೇ ಹೋಗಿ ಅವ್ಳಿಗೆ ಯೋಳ್ಲಾ."

ಹೊನ್ನಪ್ಪನವರು ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

ಎತ್ತು ನಿಲ್ಲಲಿಲ್ಲ, ನೇಗಿಲೂ ನಿಲ್ಲಲಿಲ್ಲ. ಗೌರಿ ಜೊತೆಜೊತೆಗೇ ನಡೆಯುತ್ತ ಅವನ ಬೊಗಸೆಗೆ ಚೊಂಬಿನಿಂದ ಬಗ್ಗಿಸಿದಳು. ಬೆಲ್ಲದ ಪಾನಕ, ನಿಂಬೆಹುಳಿ, ಒಂದಿಷ್ಟು ಉಪ್ಪು. ಕಂಬಳಿ ಎಳೆದು ತೆಗೆದು ಒದ್ದೆ ಟವೆಲ್ಲು ತಲೆಗೆ ಸುತ್ತಿದಳು, ಕತ್ತಿಗೆ ತಣ್ಣೀರು ಸುರಿದಳು.

"ಮಾರಮ್ಮಂಗೆ ಉಪ್ಪು ಇಷ್ಟಾನಾ?" ಮೂರನೆಯ ಬೊಗಸೆಗೆ ಅವನ ಕಣ್ಣಲ್ಲಿ ತುಂಟತನ ವಾಪಸಾಯಿತು.

"ಈ ವರ್ಷ ಇಷ್ಟ. ಸುಮ್ನೆ ಕುಡೀರಿ."

ಕೆರೆಯಂಗಳ ದಾಟುವಷ್ಟರಲ್ಲಿ ಅವನ ಹಣೆಯ ಮೇಲೆ ಬೆವರು ಮೂಡಿತು. ಬೆವರು ನೋಡಿ ಅಷ್ಟು ಖುಷಿಪಟ್ಟ ಹುಡುಗಿ ನಾಗಮಂಗಲ ತಾಲ್ಲೂಕಿನಲ್ಲಿ ಇನ್ನೊಬ್ಬಳಿರಲಿಲ್ಲ. ಹಿಂದಿನ ಆರಿನವರೂ ಒಬ್ಬೊಬ್ಬರಾಗಿ "ನಮ್ಗೂ ತೀರ್ಥ ಬುಡವ್ವ" ಎಂದು ಕೈಯೊಡ್ಡಿದರು.

ಹೊನ್ನಾರು ನಿಲ್ಲದೆ ಮನೆ ಬಾಗಿಲಿಗೆ ಬಂತು. ತಮಟೆ ಮೊಳಗಿತು, ಹೆಂಗಸರು ಆರತಿ ಎತ್ತಿದರು. ಗೌರಿ ಅವನನ್ನು ಜಗಲಿಯ ನೆರಳಿಗೆ ಎಳೆದು ಕೂರಿಸಿದಳು.

ಹೊನ್ನಪ್ಪನವರು ಮಗನ ಭುಜ ಹಿಡಿದರು. "ಗೆದ್ಬುಟ್ಟೆ ಕಣ್ಲಾ. ಕೇಳು, ಏನ್ ಬೇಕು?"

ಪುಟ್ಟರಾಜು ಅಪ್ಪನ ಕಡೆ ನೋಡಲಿಲ್ಲ. ಇಡೀ ಊರಿನ ಎದುರಿಗೆ ಗೌರಿಯ ಕಡೆ ತಿರುಗಿದ.

"ಸಿಸ್ಟ್ರೇ, ಕೇಳ್ಬೇಕಾದ್ದು ಅವಳ್ನ ಅಂದ್ರಲ್ಲ. ಕೇಳ್ತಾವ್ನಿ. ನನ್ನ ಮದ್ವೆ ಆಯ್ತೀರಾ?"

ಅವಳು ಕೈಯಲ್ಲಿದ್ದ ಚೊಂಬು ಮುಂದೆ ಚಾಚಿದಳು. "ಮೊದ್ಲು ಇದು ಖಾಲಿ ಮಾಡಿ."

ಅವನು ನಿಧಾನವಾಗಿ ಕುಡಿದ, ಕಣ್ಣು ಅವಳ ಮೇಲೆಯೇ ಇಟ್ಟು. ಚೊಂಬು ಬೋರಲು ಮಾಡಿ ತೋರಿಸಿದ.

"ಊಂ," ಎಂದಳು ಗೌರಿ. ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

ಜನರ ಗಲಾಟೆ ತಣ್ಣಗಾದ ಮೇಲೆ ಪುಟ್ಟರಾಜು ಅಪ್ಪನಿಗೆ ಹೇಳಿದ. "ಈಗ ನಿಮ್ಮನ್ನ ಕೇಳ್ತೀನಿ. ಮುಂದಿನ ವರ್ಷದಿಂದ ಹೊನ್ನಾರು ಬಿಸ್ಲೇರೋ ಮುಂಚೆ ಮುಗೀಬೇಕು. ಆರು ಕಟ್ಟೋರು ನೀರು ಕುಡೀಬೇಕು. ಅಷ್ಟೇ."

ಗೌರಿ ಬೆರಗಾಗಿ ಅವನನ್ನು ನೋಡಿದಳು. ಅಂದು ಅದೇ ಜಗಲಿಯಲ್ಲಿ ತಾನು ಕೇಳಿ ಬರಿಗೈಯಲ್ಲಿ ಹೊರಟಿದ್ದ ಮಾತು ಅದು.

ಹೊನ್ನಪ್ಪನವರು ಎದುರಿಗಿದ್ದ ಎತ್ತಿನ ಬೆನ್ನು ಸವರಿದರು. "ಆಯ್ತು ಬುಡು. ಮಾತು ಮಾತೇ. ಆದ್ರೆ ಕೇಳೋದು ಒಂದೇ ಸಲ ಕಣ್ಲಾ, ಮುಗುದೋಯ್ತು. ಈ ಹುಡುಗಿ ವಿಚಾರ?"

"ಅದು ನಿಮಗೆ ಬಿಟ್ಟದ್ದು ಅಪ್ಪ."

"ಅಂಗಾದ್ರೆ ನಾಳೆ ನಾನೇ ಬೆಳಗೊಳಕ್ಕೆ ಹೋಗಿ ಅವರಪ್ಪನ್ನ ಕೇಳ್ಕಂಡು ಬತ್ತೀನಿ." ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಗೌರಿಯ ಕಡೆ ತಿರುಗಿದರು. "ಮೊದಲ್ನೇ ಬಸ್ಸಿಗೇ ಹೊರಡ್ತೀನಿ ಕಣವ್ವ, ಬಿಸ್ಲೇರೋ ಮುಂಚೆ."